ಕ್ರುಯಾ ಕೋಟೆ ಯಾರದು?

ಪ್ರಶ್ನೆ: ಬಾಲ್ಕನ್ ಪ್ರವಾಸದಲ್ಲಿ ಅಲ್ಬೇನಿಯಾದ ಕ್ರುಯಾ ಎಂಬ ಬೆಟ್ಟದ ಊರಿಗೆ ಹೋಗಿದ್ದೆವು. ಅಲ್ಲಿನ ಕೋಟೆ ‘ರಾಜ ಸ್ಕಂದರ್‌ಬೇಗನ ವಂಶಪಾರಂಪರ್ಯದ ಕೋಟೆ’ ಎಂದು ಮಾರ್ಗದರ್ಶಿ ಹೇಳಿದರು. ಆದರೆ ಮಾತಿನ ಮಧ್ಯೆ ತೋಪಿಯಾ, ಮುಜಾಕ, ಅರಿಯಾನಿತಿ, ಬಾಲ್ಶಾ ಎಂದು ಬೇರೆ ಮನೆತನಗಳ ಹೆಸರುಗಳೂ ಬಂದುವು. ಸ್ಕಂದರ್‌ಬೇಗನಿಗಿಂತ ಮೊದಲು ಅಲ್ಲಿ ಆಳಿದವರು ಯಾರು? ಅವನು ನಿಜಕ್ಕೂ ರಾಜನೇ? ತುರ್ಕರು ಬಂದ ಮೇಲೆ ಆ ಮನೆತನಗಳು ಏನಾದುವು? ಅಲ್ಲಿಟ್ಟಿದ್ದ ಆಡಿನ ತಲೆಯ ಶಿರಸ್ತ್ರಾಣ ನಕಲಂತೆ, ಅಸಲಿ ಎಲ್ಲಿದೆ?

ಉತ್ತರ:

ಮಾರ್ಗದರ್ಶಿಯ ಎರಡು ಮಾತೂ ತಪ್ಪು. ಸ್ಕಂದರ್‌ಬೇಗ್ ಎಂದು ಲೋಕ ಕರೆಯುವ ಜೆರ್ಜ್ ಕಾಸ್ತ್ರಿಯೋತಿ ಯಾವತ್ತೂ ಕಿರೀಟ ಧರಿಸಿದವನಲ್ಲ. ‘ಅಲ್ಬೇನಿಯಾದ ಒಡೆಯ’ ಎಂದು ಕರೆಸಿಕೊಂಡನೇ ಹೊರತು ರಾಜ ಎನಿಸಿಕೊಳ್ಳಲಿಲ್ಲ. ಕ್ರುಯಾ ಅವನ ಪಿತ್ರಾರ್ಜಿತವೂ ಅಲ್ಲ. 1443ರ ನವೆಂಬರ್‌ನಲ್ಲಿ ಒಂದು ಖೋಟಾ ಪತ್ರ ತೋರಿಸಿ ಅವನು ಅದನ್ನು ಒಟ್ಟೊಮನ್ನರ, ಅಂದರೆ ನೀವು ಹೇಳುವ ತುರ್ಕರ, ಕೈಯಿಂದ ಕಿತ್ತುಕೊಂಡ. ಅಷ್ಟರಲ್ಲಿ ಆ ಕೋಟೆ ಕಡಿಮೆಯೆಂದರೂ ಇನ್ನೂರೈವತ್ತು ವರ್ಷಗಳಿಂದ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುತ್ತ ಬಂದಿತ್ತು. ಯುದ್ಧದಿಂದ ದಾಟಿದ್ದಕ್ಕಿಂತ ಹೆಚ್ಚಾಗಿ ಮದುವೆಗಳಿಂದ ದಾಟಿತ್ತು. ಇಷ್ಟೆಲ್ಲದರ ನಡುವೆ ಕದಲದೆ ಉಳಿದದ್ದು ಊರಿನವರ ಬಳಿ ಇದ್ದ ತೆರಿಗೆ ವಿನಾಯಿತಿಯ ಒಂದು ಸನದು. ಕ್ರುಯಾ ಯಾರದು ಎಂದು ನನ್ನನ್ನು ಕೇಳಿದರೆ, ಆ ಸನದನ್ನು ಹೊಸ ದೊರೆಗಳ ಮುಂದೆ ಮತ್ತೆ ಮತ್ತೆ ಹಿಡಿದು ಮುದ್ರೆ ಹಾಕಿಸಿಕೊಂಡ ಊರಿನವರದು ಎನ್ನುತ್ತೇನೆ.

ಒಂದು ಭ್ರಮೆಯನ್ನು ಮೊದಲೇ ನಿವಾರಿಸಿಬಿಡೋಣ. ಕೋಟೆಯೊಳಗೆ ನಿಮ್ಮ ಕಣ್ಣಿಗೆ ಎದ್ದು ಕಂಡ, ಬತೇರಿಗಳಿಂದ ಕೂಡಿದ ಭಾರೀ ಕಲ್ಲಿನ ಕಟ್ಟಡ ಮಧ್ಯಯುಗದ್ದಲ್ಲ. ಅದು 1982ರಲ್ಲಿ ತೆರೆದ ಸ್ಕಂದರ್‌ಬೇಗ್ ವಸ್ತುಸಂಗ್ರಹಾಲಯ. ಅದರ ವಿನ್ಯಾಸಕಾರರಲ್ಲಿ ಒಬ್ಬರು ಅಂದಿನ ಸರ್ವಾಧಿಕಾರಿ ಎನ್ವರ್ ಹೋಜಾನ ಮಗಳು ಪ್ರಾನ್ವೆರಾ ಹೋಜಾ, ಇನ್ನೊಬ್ಬರು ಪಿರೋ ವಾಸೋ. ಒಂದು ಜನ, ಒಬ್ಬ ನಾಯಕ, ಒಂದು ಕೋಟೆ ಎಂಬ ಕಥೆಯನ್ನು ಹೇಳಲೆಂದೇ ಅದನ್ನು ಕಟ್ಟಲಾಯಿತು, ಮಾರ್ಗದರ್ಶಿ ಹೇಳಿದ್ದೂ ಅದೇ ಕಥೆ. ನಿಜವಾಗಿ ಹಳೆಯದನ್ನು ನೋಡಬೇಕೆಂದರೆ ಆ ಕಟ್ಟಡಕ್ಕೆ ಬೆನ್ನು ಹಾಕಿ, ಬಂಡೆಯ ತುದಿಯಲ್ಲಿರುವ ಕಾವಲು ಗೋಪುರವನ್ನೂ ಸುತ್ತಿನ ಗೋಡೆಯ ಅಡಿಪಾಯವನ್ನೂ ನೋಡಬೇಕು.

ಗೋಪುರದ ಬುಡದಲ್ಲಿ ನಿಂತು ಪಶ್ಚಿಮಕ್ಕೆ ತಿರುಗಿದರೆ ಈ ಬಂಡೆಗೆ ಇಷ್ಟು ಬೆಲೆ ಯಾಕೆ ಬಂತೆಂದು ತಿಳಿಯುತ್ತದೆ. ಊರು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿ, ಪರ್ವತಸಾಲಿನ ಅಂಚಿನಲ್ಲಿ ಕೂತಿದೆ. ಕೆಳಗೆ ಬಯಲು, ಬಯಲಿನಾಚೆ ಏಡ್ರಿಯಾಟಿಕ್ ಸಮುದ್ರ. ದುರ್ರೆಸ್ ಬಂದರಿನಿಂದ ಉತ್ತರದ ಶ್ಕೋಡ್ರಾ ಕಡೆಗೆ ಹೋಗುವ ದಾರಿ ಆ ಬಯಲಿನಲ್ಲೇ ಸಾಗುತ್ತದೆ. ಬೆನ್ನ ಹಿಂದಿನ ಬೆಟ್ಟ ದಾಟಿದರೆ ಮಾತ್ ನದಿಯ ಕಣಿವೆ, ಅದರಾಚೆ ದಿಬ್ರಾ. ಬಯಲಿನ ದಾರಿಯ ಮೇಲೂ ಬೆಟ್ಟದ ಬಾಗಿಲ ಮೇಲೂ ಒಟ್ಟಿಗೇ ಕಣ್ಣಿಡಬಲ್ಲ ಇನ್ನೊಂದು ಜಾಗ ಆ ಸುತ್ತಿನಲ್ಲಿಲ್ಲ. ಬಂಡೆಯ ಮೂರು ದಿಕ್ಕು ಕಡಿದಾದ ಇಳಿಜಾರು. ಆಸುಪಾಸಿನಲ್ಲಿ ನೀರಿನ ಒರತೆಗಳಿವೆ, ಮುತ್ತಿಗೆ ಹಾಕಿದವರ ಕಣ್ಣೂ ಮೊದಲು ಬೀಳುತ್ತಿದ್ದುದು ಅವುಗಳ ಮೇಲೆಯೇ.

ಊರು ಹಳೆಯದು. ಏಳು ಎಂಟನೇ ಶತಮಾನದ ಗೋರಿಗಳು ಇಲ್ಲಿ ಸಿಕ್ಕಿವೆ, ಆ ಕಾಲದ ಸಂಸ್ಕೃತಿಯನ್ನು ಪುರಾತತ್ವಜ್ಞರು ಕೊಮಾನ್-ಕ್ರುಯಾ ಎಂದೇ ಕರೆಯುತ್ತಾರೆ. 879ರಲ್ಲಿ ಕಾನ್‌ಸ್ಟಾಂಟಿನೋಪಲಿನ ಧರ್ಮಸಭೆಗೆ ಹೋದವರಲ್ಲಿ ಕ್ರುಯಾದ ಬಿಷಪ್ ದಾವಿದನೂ ಇದ್ದ. ಅಂದರೆ ಒಂಬತ್ತನೇ ಶತಮಾನಕ್ಕಾಗಲೇ ಇದು ಬಿಷಪ್ ಪೀಠವಿದ್ದ ಊರು.

ಹೆಸರು ಗೊತ್ತಿರುವ ಮೊದಲ ಒಡೆಯ ಪ್ರೋಗೋನ್, ಸುಮಾರು 1190ರವನು. ಬೈಜಾಂಟಿಯನ್ ಸಾಮ್ರಾಜ್ಯದ ಹಿಡಿತ ಸಡಿಲವಾಗುತ್ತಿದ್ದ ಕಾಲ ಅದು, ಸ್ಥಳೀಯ ಅಧಿಕಾರಿಗಳು ಮೆಲ್ಲಗೆ ಸ್ಥಳೀಯ ಪ್ರಭುಗಳಾದರು. ಪ್ರೋಗೋನನ ನಂತರ ಅವನ ಹಿರಿಯ ಮಗ ಜಿನ್, ಆಮೇಲೆ ಕಿರಿಯ ಮಗ ದಿಮಿತರ್ ಆಳಿದರು. ಅರ್ಬನೋನ್ ಎಂದು ಕರೆಯುವ ಈ ಪುಟ್ಟ ಸಂಸ್ಥಾನವೇ ಅಲ್ಬೇನಿಯನ್ನರ ಮೊದಲ ರಾಜ್ಯ ಎಂದು ಹಲವರು ಹೆಮ್ಮೆಯಿಂದ ಬರೆಯುತ್ತಾರೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಅದು ಪಾಳೆಯಪಟ್ಟು, ಅದರ ಒಡೆಯ ಪಾಳೆಯಗಾರ. ಆದರೆ ದಿಮಿತರ್ ಸಾಧಾರಣ ಪಾಳೆಯಗಾರನಲ್ಲ. 1204ರಲ್ಲಿ ನಾಲ್ಕನೇ ಕ್ರುಸೇಡಿನವರು ಕಾನ್‌ಸ್ಟಾಂಟಿನೋಪಲನ್ನು ಸೂರೆ ಮಾಡಿದ ಮೇಲೆ ಎದ್ದ ಗೊಂದಲದಲ್ಲಿ ಅವನು ಎಲ್ಲ ಕಡೆಗೂ ಒಂದೊಂದು ಕೈ ಚಾಚಿದ. 1208ರ ಹೊತ್ತಿಗೆ ಪೋಪ್ ಮೂರನೇ ಇನ್ನೊಸೆಂಟನೊಡನೆ ಪತ್ರವ್ಯವಹಾರ ಆರಂಭಿಸಿ, ರೋಮನ್ ಮತಕ್ಕೆ ಬರುವ ಆಸೆ ತೋರಿಸಿದ. ಪೋಪನ ಪತ್ರಗಳಲ್ಲಿ ಅವನು ‘ಅರ್ಬನರ ರಾಜಕುಮಾರ’. ಕೆಲಸ ಆದ ಮೇಲೆ ಆ ಆಸೆಯನ್ನು ಅಲ್ಲೇ ಬಿಟ್ಟ. ರಗೂಸಾ, ಅಂದರೆ ಇಂದಿನ ಡುಬ್ರೊವ್ನಿಕ್‌ನ ವರ್ತಕರಿಗೆ ತನ್ನ ಸೀಮೆಯಲ್ಲಿ ನಿರಾತಂಕವಾಗಿ ಓಡಾಡಲು ಒಪ್ಪಂದ ಬರೆದುಕೊಟ್ಟ. ಎಲ್ಲಕ್ಕಿಂತ ದೊಡ್ಡ ಸಂಪಾದನೆ ಅವನ ಮದುವೆ.

ಈ ಮದುವೆಯ ಮೇಲೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ಮುಂದಿನ ಐವತ್ತು ವರ್ಷಗಳ ರಾಜಕೀಯದ ಬೀಗದ ಕೈ ಇಲ್ಲಿದೆ. ದಿಮಿತರ್ ಮದುವೆಯಾದದ್ದು ಸೆರ್ಬಿಯಾದ ದೊರೆ ಸ್ತೆಫಾನ್ ನೆಮಾನಿಚ್‌ನ ಮಗಳು ಕೊಮ್ನೇನಾಳನ್ನು. ಅವಳ ತಾಯಿ ಎವ್ದೋಕಿಯಾ ಬೈಜಾಂಟಿಯನ್ ಸಾಮ್ರಾಟ ಮೂರನೇ ಅಲೆಕ್ಸಿಯೋಸನ ಮಗಳು. ಹಾಗಾಗಿ ಬೆಟ್ಟದ ಮೇಲಿನ ಒಬ್ಬ ಸಣ್ಣ ಒಡೆಯನ ಮನೆಗೆ ಸಾಮ್ರಾಟನ ಮೊಮ್ಮಗಳು ಸೊಸೆಯಾಗಿ ಬಂದಳು. ಸಾಮ್ರಾಟರ ಬಂಧುಗಳಿಗೆ ಕೊಡುತ್ತಿದ್ದ ‘ಪಾನ್‌ಹಿಪರ್‌ಸೆವಾಸ್ತೋಸ್’ ಎಂಬ ಉದ್ದನೆಯ ಬಿರುದು ದಿಮಿತರ್‌ಗೆ ದಕ್ಕಿದ್ದು ಈ ಬೀಗತನದಿಂದಲೇ. ಸುಮಾರು 1216ರಲ್ಲಿ ಅವನು ಗಂಡು ಸಂತಾನವಿಲ್ಲದೆ ಸತ್ತ. ವಿಧವೆ ಕೊಮ್ನೇನಾಳನ್ನು ಗ್ರೆಗೋರಿಯೋಸ್ ಕಮೋನಾಸ್ ಎಂಬ ಗ್ರೀಕ್ ಪ್ರಭು ಮದುವೆಯಾಗಿ, ಅವಳೊಂದಿಗೆ ಕ್ರುಯಾವನ್ನೂ ಪಡೆದ. ಈ ಕಮೋನಾಸ್ ಮೊದಲು ದಿಮಿತರನ ಅಣ್ಣನ ಮಗಳ ಗಂಡನಾಗಿದ್ದವನು! ಅಂಥವನು ಚಿಕ್ಕಮಾವನ ಹೆಂಡತಿಯನ್ನು ಕೈಹಿಡಿಯಬಹುದೇ ಎಂಬ ಪ್ರಶ್ನೆ ಓಹ್ರಿಡ್‌ನ ಆರ್ಚ್‌ಬಿಷಪ್ ದಿಮಿತ್ರಿಯೋಸ್ ಖೊಮಾತಿಯಾನೋಸನ ಮುಂದೆ ಹೋಯಿತು. ಧರ್ಮಶಾಸ್ತ್ರದಲ್ಲಿ ನುರಿತ ಆರ್ಚ್‌ಬಿಷಪ್ಪರು ಲೆಕ್ಕ ಹಾಕಿ, ಆಗಬಹುದು ಎಂದರು. ಆ ತೀರ್ಪು ಅವರ ಬರಹಗಳ ಕಟ್ಟಿನಲ್ಲಿ ಉಳಿದಿರುವುದರಿಂದಲೇ ನಮಗೆ ಈ ಸಂಬಂಧಗಳೆಲ್ಲ ಗೊತ್ತಾಗಿವೆ.

ಕಮೋನಾಸ್ ಮತ್ತು ಕೊಮ್ನೇನಾ ದಂಪತಿಯ ಮಗಳನ್ನು ಮದುವೆಯಾದವನು ಗೋಲೆಮ್. ಕ್ರುಯಾದ ಒಡೆತನ ಈಗ ಅಳಿಯನಿಂದ ಅಳಿಯನಿಗೆ ಹೋಗುತ್ತಿದೆ, ಗಮನಿಸಿ. 1252ರ ಸುಮಾರಿಗೆ ಈ ಸೀಮೆಗಾಗಿ ಇಬ್ಬರು ಬಲಶಾಲಿಗಳು ಹೊಡೆದಾಡುತ್ತಿದ್ದರು. ಒಬ್ಬ ದಕ್ಷಿಣದ ಗ್ರೀಕ್ ಸಂಸ್ಥಾನ ಎಪೈರಸ್‌ನ ಎರಡನೇ ಮಿಖಾಯಿಲ್, ಇನ್ನೊಬ್ಬ ಕಾನ್‌ಸ್ಟಾಂಟಿನೋಪಲ್ ಕೈತಪ್ಪಿದ ಮೇಲೆ ಏಷ್ಯಾ ಮೈನರಿನ ನೀಸಿಯಾದಲ್ಲಿ ನೆಲೆಸಿದ್ದ ಬೈಜಾಂಟಿಯನ್ ಸಾಮ್ರಾಟ ಯೊಆನೆಸ್ ವತಾತ್ಸೆಸ್. ಗೋಲೆಮ್ ಮೊದಲಿಗೆ ಮಿಖಾಯಿಲನ ಪರವಾಗಿ ಸೈನ್ಯದೊಡನೆ ನಿಂತಿದ್ದ, ಆಮೇಲೆ ವತಾತ್ಸೆಸ್ ಕಡೆಗೆ ಸೇರಿಕೊಂಡ. ಕಾರಣ ಮತ್ತೆ ಬೀಗತನವೇ. ವತಾತ್ಸೆಸ್‌ನ ಪಟ್ಟದರಸಿಯಾಗಿದ್ದ ಐರೀನಳ ತಾಯಿ ಮತ್ತು ಕೊಮ್ನೇನಾಳ ತಾಯಿ ಒಡಹುಟ್ಟಿದವರು. ಗೋಲೆಮನ ಹೆಂಡತಿ ಸಾಮ್ರಾಜ್ಞಿಗೆ ವರಸೆಯಲ್ಲಿ ಮಗಳಾಗಬೇಕು. ಸೈನ್ಯ ಕಳಿಸುವುದಕ್ಕಿಂತ ಈ ನಂಟನ್ನು ನೆನಪಿಸುವುದು ಅಗ್ಗದ ದಾರಿಯಾಗಿತ್ತು. ಸೋತ ಮಿಖಾಯಿಲ್ ಕ್ರುಯಾವನ್ನು ನೀಸಿಯಾಗೆ ಒಪ್ಪಿಸಿದ.

ಆ ಕಾಲದ ಚಿತ್ರ ಕೊಟ್ಟವನು ಜಾರ್ಜ್ ಅಕ್ರೊಪೊಲಿತೆಸ್, ನೀಸಿಯಾದ ಅಧಿಕಾರಿಯೂ ಇತಿಹಾಸಕಾರನೂ ಆಗಿದ್ದವನು. 1257ರ ಚಳಿಗಾಲದಲ್ಲಿ ಅವನು ಸರ್ಕಾರಿ ಕೆಲಸದ ಮೇಲೆ ದುರ್ರೆಸ್‌ನಿಂದ ಬೆಟ್ಟ ಹತ್ತಿ ಅರ್ಬನೋನ್ ಸೀಮೆಯಲ್ಲಿ ಹಾದು ದಿಬ್ರಾ ತಲುಪಿದ. ದಾರಿಯಲ್ಲಿದ್ದ ಒಂದು ಕಣಿವೆಯ ಹೆಸರೇ ‘ಕೆಟ್ಟ ಬಂಡೆ’. ಅರ್ಬನೋನ್ ಸೀಮೆಯ ಕಾವಲಿಗಿದ್ದ ನೀಸಿಯಾದ ದಂಡನಾಯಕ ಕಾನ್‌ಸ್ಟಾಂಟಿನ್ ಖಬಾರೋನ್ ಶತ್ರುವಿನ ಕೈಗೆ ಸಿಕ್ಕಿದ ರೀತಿಯನ್ನೂ ಅವನು ಬರೆದಿದ್ದಾನೆ. ಮಿಖಾಯಿಲನ ಹೆಂಡತಿಯ ತಂಗಿ ಮರಿಯಾ ಬರೆದ ಪ್ರೇಮಪತ್ರಗಳನ್ನು ನಂಬಿ ಆ ಮಹಾಶಯ ಬಲೆಗೆ ಬಿದ್ದನಂತೆ. ಅಲ್ಬೇನಿಯನ್ನರು ಅದೇ ಹೊತ್ತಿಗೆ ನೀಸಿಯಾದ ವಿರುದ್ಧ ತಿರುಗಿಬಿದ್ದರು. ಅಕ್ರೊಪೊಲಿತೆಸ್ ನಗೆಗಾರನಲ್ಲ, ಆದರೂ ಸಹೋದ್ಯೋಗಿಯ ಈ ಅವಾಂತರವನ್ನು ಬರೆಯುವಾಗ ಅವನ ಕೈ ಸ್ವಲ್ಪ ಹುರುಪಿನಿಂದಲೇ ಓಡಿದೆ.

ಇನ್ನು ಸನದಿನ ವಿಷಯ. ಬೈಜಾಂಟಿಯನ್ನರಿಗೆ ದೂರದ ಈ ಬಂಡೆಯನ್ನು ಸೈನ್ಯ ಇಟ್ಟು ಕಾಯುವ ಶಕ್ತಿ ಇರಲಿಲ್ಲ. ಊರಿನವರು ತಾವಾಗಿ ನಿಷ್ಠರಾಗಿದ್ದರೆ ಮಾತ್ರ ಕೋಟೆ ಉಳಿಯುತ್ತಿತ್ತು. ನಿಷ್ಠೆಗೆ ಬೆಲೆಯಾಗಿ ಕೊಟ್ಟದ್ದು ತೆರಿಗೆಯ ಮಾಫಿ. ಎರಡನೇ ಆಂದ್ರೊನಿಕೋಸ್ ಸಾಮ್ರಾಟ 1288ರಲ್ಲಿ ಸ್ವರ್ಣಮುದ್ರೆಯ ಶಾಸನ ಹೊರಡಿಸಿ, ಕ್ರುಯಾದವರು ಹಿಂದಿನಿಂದ ಅನುಭವಿಸುತ್ತಿದ್ದ ಹಕ್ಕುಗಳನ್ನು ಖಾಯಂ ಮಾಡಿದ. ಕೋಟೆಯ ಒಳಗೂ ಹೊರಗೂ ಅವರು ಹೊಂದಿದ ಆಸ್ತಿ ಅವರದೇ, ಅವರ ಸರಕಿನ ಮೇಲೆ ವ್ಯಾಪಾರ ಸುಂಕವಿಲ್ಲ. ಆ ಸುಂಕ ವಾಡಿಕೆಯಲ್ಲಿ ಸರಕಿನ ಬೆಲೆಯ ಹತ್ತನೇ ಒಂದು ಪಾಲು. ಬೆಟ್ಟದಿಂದ ಇಳಿದು ದುರ್ರೆಸ್‌ನ ಪೇಟೆಯಲ್ಲಿ ಮಾರುವವನಿಗೆ ಇದು ಎಷ್ಟು ದೊಡ್ಡ ಲಾಭ ಎಂದು ಯಾವ ವ್ಯಾಪಾರಿಯನ್ನು ಕೇಳಿದರೂ ಹೇಳುತ್ತಾನೆ.

ಬೈಜಾಂಟಿಯನ್ನರು ಹೋದರು, ಸೆರ್ಬಿಯಾದ ಸ್ತೆಫಾನ್ ದುಶಾನ್ ಬಂದ. ಊರಿನವರು ಹಳೆಯ ಕಾಗದ ಹಿಡಿದು ಅವನ ಮುಂದೆ ನಿಂತರು, 1343ರಲ್ಲಿ ಅವನೂ ಮುದ್ರೆ ಒತ್ತಿದ. 1415ರಲ್ಲಿ ಒಟ್ಟೊಮನ್ನರು ಬಂದರು, ಊರಿಗೆ ಅಕ್ಚಹಿಸಾರ್, ಬಿಳಿಕೋಟೆ, ಎಂದು ಹೆಸರಿಟ್ಟರು. 1431–32ರಲ್ಲಿ ಅವರು ಬರೆದ ಅರ್ವನಿದ್ ಪ್ರಾಂತ್ಯದ ಜಮೀನು ದಫ್ತರ ಇಂದಿಗೂ ಉಳಿದಿದೆ. ತುರ್ಕಿಯ ಇತಿಹಾಸಕಾರ ಹಲೀಲ್ ಇನಾಲ್ಜಿಕ್ ಅದನ್ನು 1954ರಲ್ಲಿ ಪ್ರಕಟಿಸಿದರು. ಅದರಲ್ಲಿ ಅಕ್ಚಹಿಸಾರಿನ ಕ್ರೈಸ್ತ ನಿವಾಸಿಗಳು ಕೋಟೆ ಕಾಯುವ ಕೆಲಸಕ್ಕೆ ಪ್ರತಿಯಾಗಿ ತೆರಿಗೆಯಿಂದ ಮುಕ್ತರು ಎಂದಿದೆ. ದೊರೆ ಬದಲಾದ, ಧರ್ಮ ಬದಲಾಯಿತು, ದಫ್ತರದ ಭಾಷೆ ಬದಲಾಯಿತು, ಮಾಫಿ ಮಾತ್ರ ಹಾಗೇ ಉಳಿಯಿತು. ಇದರ ಮುಂದಿನ ಕಂತಿಗೆ ಆಮೇಲೆ ಬರುತ್ತೇನೆ.

ಹದಿನಾಲ್ಕನೇ ಶತಮಾನದ ಉತ್ತರಾರ್ಧ ತೋಪಿಯಾ ಮನೆತನದ್ದು. ಫ್ರಾನ್ಸಿನ ರಾಜಮನೆತನದ ಕವಲಾದ ನೇಪಲ್ಸ್‌ನ ಅಂಜೂ ದೊರೆಗಳು 1272ರಲ್ಲೇ ‘ಅಲ್ಬೇನಿಯಾ ರಾಜ್ಯ’ ಎಂದು ಘೋಷಿಸಿದ್ದರಾದರೂ ಅವರ ಹಿಡಿತ ಹೆಚ್ಚಾಗಿ ದುರ್ರೆಸ್ ಕರಾವಳಿಗೆ ಸೀಮಿತ. ಆ ದೂರದ ದೊರೆಗಳ ನೆರಳಿನಲ್ಲಿ ಬೆಳೆದವರು ತೋಪಿಯಾಗಳು. 1355ರಲ್ಲಿ ದುಶಾನ್ ಸತ್ತು ಸೆರ್ಬಿಯಾದ ಸಾಮ್ರಾಜ್ಯ ಚೂರಾದಾಗ ಕಾರ್ಲ್ ತೋಪಿಯಾ ಎದ್ದು ನಿಂತ. ಕ್ರುಯಾ ಅವನ ಬೆನ್ನೆಲುಬು, ದುರ್ರೆಸ್ ಅವನ ಕನಸು. 1368ರಲ್ಲಿ ದುರ್ರೆಸ್ ಕೈಗೆ ಬಂತು. ಎಲ್ಬಸಾನ್ ಬಳಿ, ಭೂಕಂಪದಲ್ಲಿ ಬಿದ್ದಿದ್ದ ಸಂತ ಜೋನ್ ವ್ಲಾದಿಮಿರನ ಚರ್ಚನ್ನು 1381ರಲ್ಲಿ ಮತ್ತೆ ಕಟ್ಟಿಸಿ, ಗ್ರೀಕ್, ಲ್ಯಾಟಿನ್, ಸ್ಲಾವೊನಿಕ್ ಮೂರು ಭಾಷೆಗಳಲ್ಲಿ ಕಲ್ಲಿನ ಮೇಲೆ ಬರೆಸಿದ. ಅಲ್ಬೇನಿಯನ್ ಇಲ್ಲವೇ ಎಂದು ಕೇಳಬೇಡಿ, ಆಗಿನ್ನೂ ಅದು ಶಾಸನದ ಭಾಷೆಯಾಗಿರಲಿಲ್ಲ. ಆ ಬರಹದಲ್ಲಿ ತಾನು ಫ್ರಾನ್ಸಿನ ಅರಸರ ರಕ್ತದವನೆಂದು ಹೇಳಿಕೊಂಡಿದ್ದಾನೆ. ಅದರ ಹಿಂದಿನ ಕಥೆಯನ್ನು ಮುಜಾಕ ಮನೆತನದ ಜೋನ್ ಮುಜಾಕ 1510ರಲ್ಲಿ ಬರೆದಿಟ್ಟ. ನೇಪಲ್ಸ್‌ನ ದೊರೆ ರಾಬರ್ಟನ ಅನೌರಸ ಮಗಳು ಮದುವೆಗೆಂದು ಗ್ರೀಸಿನ ಕಡೆಗೆ ಹೊರಟವಳು ದುರ್ರೆಸ್‌ನಲ್ಲಿ ತಂಗಿದಳಂತೆ, ಆಂದ್ರೆಯಾ ತೋಪಿಯಾ ಅವಳಿಗೆ ಮನಸೋತು ಮದುವೆಯಾದನಂತೆ, ಕಾರ್ಲ್ ಹುಟ್ಟಿದನಂತೆ. ಸಂಧಾನದ ನೆಪದಲ್ಲಿ ಮಗಳು ಅಳಿಯನನ್ನು ನೇಪಲ್ಸ್‌ಗೆ ಕರೆಸಿ ದೊರೆ ಇಬ್ಬರನ್ನೂ ಕೊಲ್ಲಿಸಿದನಂತೆ. ನೂರೈವತ್ತು ವರ್ಷಗಳ ಮೇಲೆ ಬರೆದ ಈ ಕಥೆಯನ್ನು ನಾನು ಅರ್ಧದಷ್ಟೂ ನಂಬುವುದಿಲ್ಲ. ಆದರೆ ಕಾರ್ಲ್ ತನ್ನ ಲಾಂಛನದ ಮೇಲೆ ಅಂಜೂ ಮನೆತನದ ಲಿಲ್ಲಿ ಹೂಗಳನ್ನು ಕೆತ್ತಿಸಿದ್ದು ನಿಜ.

ಉತ್ತರದ ಶ್ಕೋಡ್ರಾ ಕಡೆಯ ಬಾಲ್ಶಾ ಮನೆತನದೊಂದಿಗೆ ದುರ್ರೆಸ್‌ಗಾಗಿ ಜಗಳ ಬಿದ್ದಾಗ ಕಾರ್ಲ್ ಒಟ್ಟೊಮನ್ನರನ್ನು ಕರೆಸಿಕೊಂಡನೆಂದು ಸಂಪ್ರದಾಯ ಹೇಳುತ್ತದೆ. 1385ರ ಸೆಪ್ಟೆಂಬರ್‌ನಲ್ಲಿ ಸಾವ್ರಾ ಬಯಲಿನಲ್ಲಿ ಎರಡನೇ ಬಾಲ್ಶಾ ಸತ್ತ. ಜಗಳ ಗೆದ್ದದ್ದು ತೋಪಿಯಾ, ಸೀಮೆಯ ದಾರಿ ಕಲಿತದ್ದು ಒಟ್ಟೊಮನ್ನರು.

1388ರಲ್ಲಿ ಕಾರ್ಲ್ ಸತ್ತ. ಮಗ ಜೆರ್ಜ್ 1392ರಲ್ಲಿ ದುರ್ರೆಸನ್ನು ವೆನಿಸ್‌ಗೆ ಕೊಟ್ಟು ಮಕ್ಕಳಿಲ್ಲದೆ ತೀರಿಕೊಂಡ. ಕ್ರುಯಾ ಅವನ ಅಕ್ಕತಂಗಿಯರಲ್ಲಿ ಹೆಲೆನಾಳ ಪಾಲಿಗೆ ಬಂತು, ಅಂದರೆ ಅವಳ ಗಂಡ ವೆನಿಸ್‌ನ ಮಾರ್ಕೋ ಬಾರ್ಬರಿಗೋನ ಕೈಗೆ. ಅವನು ಸುಲ್ತಾನನ ಸಾಮಂತಿಕೆ ಒಪ್ಪಿಕೊಂಡರೂ 1394ರ ಹೊತ್ತಿಗೆ ಕೋಟೆ ಕಳೆದುಕೊಂಡ. ಅದು ಸುಲ್ತಾನನಿಗೆ ನಿಷ್ಠನಾಗಿದ್ದ ಕಾನ್‌ಸ್ತಂತಿನ್ ಬಾಲ್ಶಾನಿಗೆ ಹೋಯಿತು, ಹೆಲೆನಾ ಅವನ ಹೆಂಡತಿಯಾದಳು. ಊರಿನವರ ಕಣ್ಣಿಗೆ ಒಡತಿ ಅವಳೇ ಆಗಿದ್ದಿರಬೇಕು, ಗಂಡಂದಿರು ಬಂದು ಹೋದರು. 1402ರಲ್ಲಿ ಅಂಕಾರಾ ಬಯಲಿನಲ್ಲಿ ತೈಮೂರ್ ಸುಲ್ತಾನ ಬಯಾಜಿದನನ್ನು ಸೆರೆ ಹಿಡಿದಾಗ ಬಾಲ್ಕನ್ನಿನ ಸಾಮಂತರೆಲ್ಲ ಕಂಗಾಲಾದರು. ಕಾನ್‌ಸ್ತಂತಿನ್ ದುರ್ರೆಸ್‌ನಲ್ಲಿ ಕೊಲೆಯಾದ. ಮರುವರ್ಷ ತೋಪಿಯಾ ಮನೆತನದ ನಿಕೇತಾ ಕ್ರುಯಾವನ್ನು ಹಿಡಿದು ತಾನು ಸಾಯುವವರೆಗೂ, 1415ರವರೆಗೂ, ಇಟ್ಟುಕೊಂಡ. ಅವನ ಮಗಳು ಮಾರಾಳನ್ನು ಮದುವೆಯಾದವನು ಮೂರನೇ ಬಾಲ್ಶಾ, ಅಂದರೆ ಹಳೆಯ ವೈರಿಗಳ ಮನೆಯವನೇ. ಅಲ್ಲಿ ವೈರವೂ ನೆಂಟಸ್ತನವೂ ಒಂದೇ ಜಗಲಿಯ ಮೇಲೆ ಕೂರುತ್ತಿದ್ದುವು.

ಇಷ್ಟು ಹೊತ್ತು ಕಾಸ್ತ್ರಿಯೋತಿಗಳ ಹೆಸರೇ ಬಂದಿಲ್ಲ, ನೋಡಿ. ಅವರ ನೆಲ ಬೆಟ್ಟದ ಆಚೆ, ಮಾತ್ ಮತ್ತು ದಿಬ್ರಾ ಸೀಮೆಯಲ್ಲಿತ್ತು. ಸ್ಕಂದರ್‌ಬೇಗನ ತಂದೆ ಜೋನ್ ಕಾಸ್ತ್ರಿಯೋತಿ ಸ್ವಂತ ಬಲದಿಂದ ಮೇಲೆ ಬಂದ ಚತುರ. 1420ರಲ್ಲಿ ರಗೂಸಾದ ವರ್ತಕರಿಗೆ ತನ್ನ ಸೀಮೆಯಲ್ಲಿ ಅಭಯಪತ್ರ ಕೊಟ್ಟ. ಆಥೋಸ್ ಪರ್ವತದ ಹಿಲಾಂದರ್ ಮಠಕ್ಕೆ ಎರಡು ಹಳ್ಳಿಗಳನ್ನು ದಾನ ಕೊಟ್ಟ, ಅವನ ಮಗ ರೆಪೋಷ್‌ನ ಸಮಾಧಿ ಅಲ್ಲೇ ಇದೆ. ವೆನಿಸ್‌ಗೆ ಕ್ಯಾಥೋಲಿಕ್, ಮಠಕ್ಕೆ ಆರ್ಥೊಡಾಕ್ಸ್, ಸುಲ್ತಾನನಿಗೆ ಮಗನನ್ನು ಒತ್ತೆ ಕೊಟ್ಟ ಸಾಮಂತ. ಒತ್ತೆಯಾಗಿ ಹೋದ ಮಗನೇ ಜೆರ್ಜ್. ಅರಮನೆಯಲ್ಲಿ ಬೆಳೆದು, ಇಸ್ಕಂದರ್ ಎಂಬ ಹೆಸರು ಪಡೆದು, ಒಟ್ಟೊಮನ್ ಅಧಿಕಾರಿಯಾಗಿ 1430ರ ದಶಕದ ಕೊನೆಯಲ್ಲಿ ಕ್ರುಯಾದ ಸುಬಾಶಿಯಾಗಿಯೂ, ಅಂದರೆ ಊರಿನ ಆಡಳಿತ ನೋಡುವ ಅಧಿಕಾರಿಯಾಗಿಯೂ, ಕೆಲಸ ಮಾಡಿದ. ಕೋಟೆಯ ಬಾಗಿಲು, ನೀರು, ಕಾವಲು ಎಲ್ಲ ಅವನಿಗೆ ಗೊತ್ತಾದದ್ದು ಸುಲ್ತಾನನ ಸಂಬಳದಲ್ಲಿ. 1437ರಲ್ಲಿ ತಂದೆ ಸತ್ತಾಗ ಜಮೀನು ಮಗನಿಗೆ ದಕ್ಕಲಿಲ್ಲ. 1443ರ ನವೆಂಬರ್ ಆರಂಭದಲ್ಲಿ ನೀಶ್ ಬಳಿ ಹುನ್ಯಾದಿಯ ಹಂಗೇರಿಯನ್ ಸೈನ್ಯ ಒಟ್ಟೊಮನ್ನರನ್ನು ಸೋಲಿಸಿದಾಗ, ಸುಮಾರು 300 ಅಲ್ಬೇನಿಯನ್ ಸವಾರರೊಂದಿಗೆ ಅವನು ದಿಬ್ರಾಕ್ಕೆ ಓಡಿದ. ಕೋಟೆಯನ್ನು ತನಗೆ ಒಪ್ಪಿಸಬೇಕೆಂದು ಸುಲ್ತಾನನ ಹೆಸರಿನಲ್ಲಿದ್ದ ಖೋಟಾ ಪತ್ರ ತೋರಿಸಿ ಕ್ರುಯಾದೊಳಗೆ ಕಾಲಿಟ್ಟ. ಆ ದಿನವೆಂದು ಹೇಳಲಾಗುವ ನವೆಂಬರ್ 28 ಇಂದಿಗೂ ಅಲ್ಬೇನಿಯಾದ ರಾಷ್ಟ್ರೀಯ ಧ್ವಜದ ದಿನ, ಸ್ವಾತಂತ್ರ್ಯ ದಿನ.

1444ರ ಮಾರ್ಚ್ 2ರಂದು ಲೆಜಾದಲ್ಲಿ ಅರಿಯಾನಿತಿ, ದುಕಜಿನಿ, ಮುಜಾಕ, ತೋಪಿಯಾ, ಸ್ಪಾನಿ, ದುಶ್ಮಾನಿ ಮುಂತಾದ ಮನೆತನಗಳು ಸೇರಿ ಕೂಟ ಕಟ್ಟಿದವು. ಲೆಜಾ ಆಗ ವೆನಿಸ್‌ನ ಊರು. ಸ್ಕಂದರ್‌ಬೇಗ್ ಕೂಟದ ಸೇನಾಪತಿಯಾದ, ಅಷ್ಟೇ. ಪ್ರತಿಯೊಬ್ಬನೂ ತನ್ನ ನೆಲದಲ್ಲಿ ತಾನೇ ಒಡೆಯನಾಗಿ ಉಳಿದ, ಬೇಡವೆನಿಸಿದಾಗ ಹೊರನಡೆದ. 1450ರ ಹೊತ್ತಿಗೆ ಅರಿಯಾನಿತಿ, ದುಕಜಿನಿಗಳು ದೂರ ಸರಿದಿದ್ದರು.

ಅದೇ ವರ್ಷ ಮೇ ಮಧ್ಯದಲ್ಲಿ ಎರಡನೇ ಮುರಾದ್, ಮುಂದೆ ಕಾನ್‌ಸ್ಟಾಂಟಿನೋಪಲನ್ನು ಗೆಲ್ಲಲಿದ್ದ ಮಗ ಮೆಹಮದನೊಂದಿಗೆ ಬಂದು ಕ್ರುಯಾವನ್ನು ಸುತ್ತುವರಿದ. ಕಿಲ್ಲೇದಾರ ವ್ರಾನಾ ಒಳಗೆ, ಸ್ಕಂದರ್‌ಬೇಗ್ ಹೊರಗಿನ ಬೆಟ್ಟಗಳಲ್ಲಿ. ಫಿರಂಗಿ, ಲಂಚದ ಆಸೆ, ನೀರು ಕಡಿಯುವ ಯತ್ನ ಯಾವುದೂ ಫಲಿಸದೆ ಅಕ್ಟೋಬರ್ ಕೊನೆಗೆ ಸುಲ್ತಾನ ಹಿಂದಿರುಗಿದ. ವಸ್ತುಸಂಗ್ರಹಾಲಯದಲ್ಲಿ ಈ ಶೌರ್ಯದ ಕಥೆಯನ್ನು ನೀವು ವಿವರವಾಗಿ ನೋಡಿರುತ್ತೀರಿ. ಅದು ಸುಳ್ಳಲ್ಲ. ಆದರೆ ಮುತ್ತಿಗೆ ಇನ್ನೂ ತೆರವಾಗುವ ಮೊದಲೇ, ಅದೇ ಅಕ್ಟೋಬರ್‌ನಲ್ಲಿ ಸ್ಕಂದರ್‌ಬೇಗ್ ವೆನಿಸ್‌ಗೆ ಹೇಳಿ ಕಳಿಸಿದ ಮಾತು ಹೀಗಿತ್ತು: ಕ್ರುಯಾವನ್ನು ನೀವು ತೆಗೆದುಕೊಳ್ಳಿ, ಇಲ್ಲವಾದರೆ ತುರ್ಕರಿಗೆ ಒಪ್ಪಿಸಬೇಕಾದೀತು. ವೆನಿಸ್ ಒಪ್ಪಲಿಲ್ಲ. ಆಗ ಅವನು ನೇಪಲ್ಸ್‌ನ ಕಡೆ ತಿರುಗಿದ. 1451ರ ಮಾರ್ಚ್ 26ರ ಗಯೆತಾ ಒಪ್ಪಂದದಂತೆ ಕ್ರುಯಾ ಅರಗಾನ್ ಮತ್ತು ನೇಪಲ್ಸ್‌ನ ದೊರೆ ಐದನೇ ಅಲ್ಫೋನ್ಸೋನದಾಯಿತು, ಸ್ಕಂದರ್‌ಬೇಗ್ ಅವನ ಸಾಮಂತನಾದ. ಕೆಲವೇ ವಾರಗಳಲ್ಲಿ ಬರ್ನಾತ್ ವಾಕೆರ್ ಎಂಬ ಅಧಿಕಾರಿ ನೂರು ಕತಲಾನ್ ಸಿಪಾಯಿಗಳೊಡನೆ ಬಂದು ಕೋಟೆಯನ್ನು ವಶಕ್ಕೆ ತೆಗೆದುಕೊಂಡ. ‘ರಾಜ ಸ್ಕಂದರ್‌ಬೇಗನ ಕೋಟೆ’ ಕಾಗದಪತ್ರದ ಪ್ರಕಾರ ನೇಪಲ್ಸ್‌ನ ದೊರೆಯದಾಗಿತ್ತು. ಇದರಿಂದ ಸ್ಕಂದರ್‌ಬೇಗ್ ಸಣ್ಣವನಾಗುವುದಿಲ್ಲ. ಖಜಾನೆಯಿಲ್ಲದ ಒಡೆಯ ಇಪ್ಪತ್ತೈದು ವರ್ಷ ಹೇಗೆ ಹೋರಾಡಿದ ಎಂಬುದಕ್ಕೆ ಉತ್ತರ ಸಿಗುವುದು ಇಂಥ ವ್ಯವಹಾರಗಳಲ್ಲೇ. ಅದೇ ವಸಂತದಲ್ಲಿ ಅವನು ಜೆರ್ಜ್ ಅರಿಯಾನಿತಿಯ ಮಗಳು ದೊನಿಕಾಳನ್ನು ಮದುವೆಯಾಗಿ, ಕೂಟದಿಂದ ದೂರವಾಗಿದ್ದ ದೊಡ್ಡ ಮನೆತನವನ್ನು ಮತ್ತೆ ಹತ್ತಿರ ಮಾಡಿಕೊಂಡ. ತಂಗಿ ಮಮಿತ್ಸಾಳನ್ನು ಅದಾಗಲೇ ಮುಜಾಕ ತೋಪಿಯಾನಿಗೆ ಕೊಟ್ಟಾಗಿತ್ತು.

ಸನದಿನ ಮುಂದಿನ ಕಂತು ಇಲ್ಲಿದೆ. ಹೊಸ ಧಣಿ ಬಂದನಲ್ಲ, ಊರಿನವರು ಹಳೆಯ ಕಾಗದಗಳನ್ನು ಮತ್ತೆ ಹೊರತೆಗೆದರು. 1457ರ ಏಪ್ರಿಲ್‌ನಲ್ಲಿ ಅಲ್ಫೋನ್ಸೋ ಅವನ್ನು ಲ್ಯಾಟಿನ್‌ನಲ್ಲಿ ನಕಲು ಮಾಡಿಸಿ ಮಾನ್ಯ ಮಾಡಿದ. ಆಂದ್ರೊನಿಕೋಸನ 1288ರ ಶಾಸನ, ದುಶಾನನ 1343ರ ದೃಢೀಕರಣ ನಮಗೆ ಗೊತ್ತಿರುವುದು ಈ ಪ್ರತಿಯ ದೆಸೆಯಿಂದ. ಕ್ರುಯಾದವರು ತಮ್ಮ ಹಕ್ಕಿನ ಮಾನ್ಯತೆ ಕೇಳಿದ್ದು ಕಣ್ಣೆದುರಿಗಿದ್ದ ಸ್ಕಂದರ್‌ಬೇಗನನ್ನಲ್ಲ, ಸಮುದ್ರದಾಚೆಯ ಅಲ್ಫೋನ್ಸೋನನ್ನು. ಕೋಟೆ ಕಾನೂನಿನಲ್ಲಿ ಯಾರದು ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಉಳಿದ ಒಡೆಯರಿಗೆ ಸ್ಕಂದರ್‌ಬೇಗ್ ಹೇಗೆ ಕಂಡ ಎಂಬುದಕ್ಕೆ ಜೋನ್ ಮುಜಾಕನ ಬರಹವೇ ಸಾಕ್ಷಿ. ದೇಶಭ್ರಷ್ಟನಾಗಿ ಇಟಲಿಯಲ್ಲಿದ್ದ ಆ ಮುದುಕ, ಮುಂದೊಂದು ದಿನ ಅಲ್ಬೇನಿಯಾ ಬಿಡುಗಡೆಯಾದರೆ ಯಾವ ಯಾವ ಊರು ತಮಗೆ ಸೇರಬೇಕೆಂದು ಮಕ್ಕಳಿಗೆ ಪಟ್ಟಿ ಬರೆದಿಟ್ಟ. ಅದರಲ್ಲಿ ತುರ್ಕರ ಮೇಲಿನ ದೂರಿನ ಜೊತೆಗೆ ಸ್ಕಂದರ್‌ಬೇಗನ ಮೇಲಿನ ದೂರೂ ಇದೆ. ಎಲ್ಲರ ಮೇಲೂ ಒಡೆಯನಾಗಲು ಹೊರಟು ಬಾಲ್ಶಾ ಸೋದರರನ್ನು ಸೆರೆ ಹಿಡಿದು ನೇಪಲ್ಸ್‌ಗೆ ಕಳಿಸಿದ, ಕ್ರುಯಾ ಮತ್ತು ಲೆಜಾ ನಡುವಿನ ಅವರ ನೆಲ ನುಂಗಿದ, ಮುಜಾಕರ ತೊಮೊರಿತ್ಸಾ ಸೀಮೆಯನ್ನೂ ಕಸಿದ ಎನ್ನುತ್ತಾನೆ. ಆಸ್ತಿ ಕಳೆದುಕೊಂಡವನ ಮಾತು, ಪೂರ್ತಿ ನಂಬಬೇಕಿಲ್ಲ. ಆದರೆ ಸೋದರಳಿಯ ಹಮ್ಜಾ, ದಂಡನಾಯಕ ಮೊಯಿಸಿ ಇಬ್ಬರೂ 1450ರ ದಶಕದಲ್ಲಿ ಸುಲ್ತಾನನ ಕಡೆಗೆ ಓಡಿದ್ದು ಯಾಕೆಂದು ಅರ್ಥವಾಗಬೇಕಾದರೆ ಈ ಅಸಮಾಧಾನವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.

ಮುಂದಿನದನ್ನು ಬೇಗ ಹೇಳಿ ಮುಗಿಸುತ್ತೇನೆ. 1466ರಲ್ಲಿ ಎರಡನೇ ಮೆಹಮದ್ ಬಂದ. ಒಂದೇ ಬೇಸಿಗೆಯಲ್ಲಿ ಕ್ರುಯಾ ಬೀಳುವುದಿಲ್ಲವೆಂದು ತಂದೆಯ ಸೋಲಿನಿಂದ ಕಲಿತಿದ್ದವನು, ದಕ್ಷಿಣಕ್ಕೆ ಎಲ್ಬಸಾನ್ ಕೋಟೆ ಕಟ್ಟಿಸಿ, ಬಲ್ಲಬಾನ್ ಎಂಬ ಅಲ್ಬೇನಿಯನ್ ಮೂಲದ ಸೇನಾನಿಯನ್ನೇ ಮುತ್ತಿಗೆಗೆ ಬಿಟ್ಟು ಹೋದ. ಆ ಸಲ ಒಳಗಿನಿಂದ ಕೋಟೆ ಕಾದವನು ತಾನುಷ್ ತೋಪಿಯಾ, ಹಳೆಯ ಒಡೆಯರ ಕುಲದವನು. ಮರುವರ್ಷ ಬಲ್ಲಬಾನ್ ಸತ್ತ, ಮುತ್ತಿಗೆ ಮುರಿಯಿತು, ಸುಲ್ತಾನ ಇನ್ನೊಮ್ಮೆ ಬಂದು ಬರಿಗೈಯಲ್ಲಿ ಹೋದ. 1468ರ ಜನವರಿ 17ರಂದು ಸ್ಕಂದರ್‌ಬೇಗ್ ಲೆಜಾದಲ್ಲಿ ಜ್ವರದಿಂದ ಸತ್ತ. ಕ್ರುಯಾಕ್ಕೆ ವೆನಿಸ್‌ನ ಕಾವಲು ಬಂತು. ಕೊನೆಯ ಮುತ್ತಿಗೆ ಒಂದು ವರ್ಷಕ್ಕೂ ಮೇಲೆ ನಡೆಯಿತು. ಯಾವ ಫಿರಂಗಿಯೂ ಮಾಡಲಾಗದ್ದನ್ನು ಹಸಿವು ಮಾಡಿತು. 1478ರ ಜೂನ್ 16ರಂದು, ಜೀವಕ್ಕೆ ಅಪಾಯವಿಲ್ಲವೆಂಬ ಭಾಷೆ ಪಡೆದು ಊರಿನವರು ಬಾಗಿಲು ತೆರೆದರು. ಹೊರಬಂದ ಗಂಡಸರನ್ನು ಕೊಂದು, ಹೆಂಗಸರು ಮಕ್ಕಳನ್ನು ಸೆರೆಗೆ ಒಯ್ದರೆಂದು ಕ್ರೈಸ್ತ ಲೇಖಕರು ಬರೆದಿದ್ದಾರೆ.

ಮನೆತನಗಳು ಏನಾದುವು ಎಂದು ಕೇಳಿದ್ದೀರಿ. ಅವು ಎರಡು ದಾರಿ ಹಿಡಿದುವು. ಒಂದು ಸಮುದ್ರ ದಾಟುವುದು. ಸ್ಕಂದರ್‌ಬೇಗನಿಗೆ 1464ರಲ್ಲೇ ದಕ್ಷಿಣ ಇಟಲಿಯಲ್ಲಿ ಮೊಂತೆ ಸಂತಾಂಜೆಲೋ, ಸಾನ್ ಜೊವಾನಿ ರೊತೊಂದೋ ಊರುಗಳು ಉಂಬಳಿಯಾಗಿ ಸಿಕ್ಕಿದ್ದುವು. ದೊನಿಕಾ ಮತ್ತು ಮಗ ಜೋನ್ ಅಲ್ಲಿಗೆ ಹೋದರು, ಮುಂದೆ ಜೋನ್ ಗಲತಿನಾದ ಒಡೆಯನಾದ. ಅವನ ಮೊಮ್ಮಗಳು ಇರಿನಾ ಬಿಸಿನ್ಯಾನೋದ ಸಾನ್‌ಸೆವೆರಿನೋ ರಾಜಕುಮಾರನನ್ನು ಮದುವೆಯಾದಳು. ಅರಿಯಾನಿತಿಯ ಮಗ ಕಾನ್‌ಸ್ತಂತಿನ್ ಮೊನ್‌ಫೆರಾತೋ ಸಂಸ್ಥಾನದ ರಾಜಪಾಲನಾಗಿ, ಪೋಪನ ಸೇನಾನಿಯಾಗಿ 1530ರವರೆಗೆ ಬದುಕಿದ. ಜೊತೆಗೆ ಹೋದ ಸಾಮಾನ್ಯ ಜನರ ಸಂತತಿಯೇ ಇಂದಿಗೂ ಇಟಲಿಯಲ್ಲಿ ಹಳೆಯ ಅಲ್ಬೇನಿಯನ್ ಆಡುವ ಅರ್ಬರೇಷ್ ಜನ.

ಇನ್ನೊಂದು ದಾರಿಯನ್ನು ಪ್ರವಾಸಿಗರಿಗೆ ಯಾರೂ ತೋರಿಸುವುದಿಲ್ಲ: ಇಸ್ಲಾಂ ಒಪ್ಪಿ ಸುಲ್ತಾನನ ದೊಡ್ಡ ಅಧಿಕಾರಿಯಾಗುವುದು. ಮುಜಾಕ ಮನೆತನದ ಯಾಕೂಪ್ ಬೇಗ್ ಅಲ್ಬೇನಿಯಾ ಪ್ರಾಂತ್ಯದ ಅಧಿಪತಿಯಾಗಿದ್ದು 1442ರಲ್ಲಿ ಹುನ್ಯಾದಿಯ ವಿರುದ್ಧ ಕಾದಾಡುತ್ತ ಸತ್ತ. ಅಂದರೆ ಸ್ಕಂದರ್‌ಬೇಗ್ ಖೋಟಾ ಪತ್ರ ಹಿಡಿದು ಬರುವ ಹಿಂದಿನ ವರ್ಷ. ದುಕಜಿನಿ ಮನೆತನದ ಅಹ್ಮದ್ ಪಾಷಾ ಒಂದನೇ ಸೆಲೀಮನ ಆಳ್ವಿಕೆಯಲ್ಲಿ ಸಾಮ್ರಾಜ್ಯದ ವಜೀರೆ ಆಜಂ, ಅಂದರೆ ಪ್ರಧಾನ ಮಂತ್ರಿಯ, ಪದವಿಗೇರಿ, 1515ರಲ್ಲಿ ಅದೇ ಸುಲ್ತಾನನ ಕೋಪಕ್ಕೆ ತುತ್ತಾಗಿ ತಲೆ ಕಳೆದುಕೊಂಡ. ಕ್ರುಯಾದಲ್ಲೇ ಮುಂದೆ ಪ್ರಬಲರಾದ ತೋಪ್ತಾನಿ ಬೇಗ್‌ಗಳು ತಾವು ತೋಪಿಯಾಗಳ ವಂಶದವರೆಂದು ಹೇಳಿಕೊಳ್ಳುತ್ತಿದ್ದರು.

ಕೊನೆಯದಾಗಿ ಶಿರಸ್ತ್ರಾಣ. ಆಡಿನ ತಲೆಯ ಆ ಶಿರಸ್ತ್ರಾಣವೂ ಸ್ಕಂದರ್‌ಬೇಗನದೆನ್ನುವ ಕತ್ತಿಯೂ ಆಸ್ಟ್ರಿಯಾದಲ್ಲಿವೆ. ಟೈರೋಲ್‌ನ ಆರ್ಚ್‌ಡ್ಯೂಕ್ ಫರ್ಡಿನಾಂಡ್ ಹದಿನಾರನೇ ಶತಮಾನದಲ್ಲಿ ಆಂಬ್ರಾಸ್ ಕೋಟೆಯಲ್ಲಿ ಪ್ರಸಿದ್ಧ ವೀರರ ಆಯುಧಗಳನ್ನು ಕೂಡಿಹಾಕಿದ್ದ, ಅವು ಆ ಸಂಗ್ರಹಕ್ಕೆ ಸೇರಿದ್ದುವು. ಈಗ ವಿಯೆನ್ನಾದ ಹೋಫ್‌ಬುರ್ಗ್ ಅರಮನೆಯ ಶಸ್ತ್ರಾಗಾರದಲ್ಲಿ, ಕಲಾ ಇತಿಹಾಸ ವಸ್ತುಸಂಗ್ರಹಾಲಯದ ಸುಪರ್ದಿನಲ್ಲಿವೆ. ಕ್ರುಯಾದಲ್ಲಿ ನೀವು ನೋಡಿದ್ದು ಅವುಗಳ ಪ್ರತಿಕೃತಿ.